ಹಾರ ಬೀಳದ ಫೋಟೋ

ದೆವ್ವದ ಸಿನಿಮಾ ಎಂದರೆ ನನಗೆ ಚಿಕ್ಕಂದಿನಿಂದಲೂ ಹುಚ್ಚು. ಹೊಸಪೇಟೆಯ ಟಾಕೀಸುಗಳಲ್ಲಿ ನನ್ನ ಓರಗೆಯ ಹುಡುಗಿಯರು ಅತ್ತೆ-ಸೊಸೆಯ ಸಿನಿಮಾ ನೋಡಿ ಮೂಗು ಒರೆಸಿಕೊಳ್ಳುತ್ತಿದ್ದ ಕಾಲಕ್ಕೆ ನಾನು ಮ್ಯಾಟಿನಿ ಷೋದಲ್ಲಿ ಬಿಳಿ ಸೀರೆಯ ದೆವ್ವಕ್ಕೆ ಕಾಯುತ್ತಾ ಕೂತಿರುತ್ತಿದ್ದೆ. ಹೆದರಿಕೊಳ್ಳುವ ಆಸೆಗಲ್ಲ. ದೆವ್ವಗಳ ನಿಯತ್ತು ನನಗೆ ಹಿಡಿಸುತ್ತಿತ್ತು. ಸಿನಿಮಾದ ದೆವ್ವ ಸುಮ್ಮಸುಮ್ಮನೆ ಯಾರ ತಂಟೆಗೂ ಹೋಗುವುದಿಲ್ಲ. ತನ್ನನ್ನು ಕೊಂದವನನ್ನೇ ಹುಡುಕಿಕೊಂಡು ಬರುತ್ತದೆ, ಅವನ ನಿದ್ದೆ ಕೆಡಿಸುತ್ತದೆ, ಬಂದ ಕೆಲಸ ಮುಗಿಸಿ ಹೋಗುತ್ತದೆ. ಮುಂದೆ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನೌಕರಿ ಸಿಕ್ಕ ಮೇಲೂ ಈ ಚಟ ಬಿಡಲಿಲ್ಲ. ಪತ್ರಿಕೆಗಳಿಗೆ ಲೇಖನ ಬರೆದೆ. ಯುದ್ಧದಲ್ಲಿ ಸತ್ತವರು ತಿರುಗಿ ಬರುವ ಚಿತ್ರಗಳಲ್ಲಿ ಹೆದರಬೇಕಾದ್ದು ದೆವ್ವಕ್ಕಲ್ಲ, ಮನುಷ್ಯನಿಗೆ. ಕೊಂದವನು ಕಣ್ಣು ಮುಚ್ಚಲಾರದೆ ಒದ್ದಾಡುವುದೇ ಈ ಚಿತ್ರಗಳ ನ್ಯಾಯ ಎಂದೆಲ್ಲ ದೊಡ್ಡ ಮಾತಾಡಿದೆ. ಅದನ್ನು ಎಷ್ಟು ಜನ ಓದಿದರೋ ಗೊತ್ತಿಲ್ಲ. ಓದಿದವರಲ್ಲಿ ಒಬ್ಬ ಸಿನಿಮಾ ನಿರ್ದೇಶಕನಿದ್ದ.

ಅವನು ಬೆಂಗಳೂರಿನಿಂದ ಫೋನು ಮಾಡಿದ. ಅವನ ಕಥೆಯಲ್ಲಿ ಗಡಿಯಲ್ಲಿ ಸತ್ತ ಸೈನಿಕನೊಬ್ಬ ತಾನು ಸತ್ತದ್ದೇ ಗೊತ್ತಾಗದೆ ಮನೆಗೆ ಬರುತ್ತಾನೆ. ತನ್ನ ಹೊಲ ನುಂಗಿ ಹೆಂಡತಿಯ ಮೇಲೂ ಕಣ್ಣು ಹಾಕಿದ ಊರ ಸಾಹುಕಾರನನ್ನು ಹೆದರಿಸಿ ಹೆದರಿಸಿ ಕೊಲ್ಲುತ್ತಾನೆ. ಕಥೆ ನಡೆಯುವುದು ನಮ್ಮ ಸೀಮೆಯಲ್ಲಿ. ನಾಯಕಿ ಮಂಗಳೂರು ಕಡೆಯವಳು, ಅವಳಿಗೆ ಬಳ್ಳಾರಿ ಮಾತು ಕಲಿಸಬೇಕು. “ಬರ್ರಿ, ಕುಂದ್ರಿ ಅನ್ನೋಕೆ ಬಂದರೆ ಸಾಕು ಮೇಡಂ” ಅಂದ. ಅಷ್ಟೇ ಸಾಕಾಗುವುದಿಲ್ಲ ಎಂದು ಹೇಳಿಯೇ ಒಪ್ಪಿಕೊಂಡೆ. ಹಳೆಯ ಮನೆಯೊಂದು ಬೇಕು ಅಂದಾಗ ಕಂಪ್ಲಿಯ ಚಿಗವ್ವನ ಮನೆ ತೋರಿಸಿದವಳೂ ನಾನೇ.

ಚಿಗವ್ವ ಎಂದರೆ ನಮ್ಮವ್ವನ ತಂಗಿ. ವಯಸ್ಸು ಅರವತ್ತರ ಆಸುಪಾಸು. ಕೋಟೆಯ ಹತ್ತಿರದ ಕಲ್ಲಿನ ಮನೆಯಲ್ಲಿ ಅರ್ಧ ಅವಳದು, ಅರ್ಧ ಅವಳ ಮೈದುನನದು, ನಡುವಿನ ಪಡಸಾಲೆ ಇಬ್ಬರಿಗೂ ಸೇರಿದ್ದು. ಮಕ್ಕಳಿಲ್ಲ. ಮುಂಜಾನೆ ಮನೆಯ ಮುಂದೆ ಒಲೆ ಹೂಡಿ ಒಗ್ಗರಣಿ-ಮಿರ್ಚಿ ಮಾರುತ್ತಾಳೆ. ತೊಯಿಸಿ ಹಿಂಡಿದ ಮಂಡಕ್ಕಿಗೆ ಅವಳು ಕೊಡುವ ಒಗ್ಗರಣೆ ತಿನ್ನಲು ಗಂಗಾವತಿ ಬಸ್ಸಿನ ಡ್ರೈವರನೂ ಗಾಡಿ ನಿಲ್ಲಿಸಿ ಇಳಿಯುತ್ತಾನೆ. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ಗಂಡ ಮಿಲಿಟರಿಯಲ್ಲಿದ್ದ. ಅವಳು ಇನ್ನೂ ಹೊಸ ಸೊಸೆಯಾಗಿದ್ದಾಗ ಒಂದು ಕಾಳಗಕ್ಕೆ ಹೋದವನು ತಿರುಗಿ ಬರಲಿಲ್ಲ, ಹೆಣವೂ ಬರಲಿಲ್ಲ. ಯಾವ ಗಡಿ, ಯಾವ ಕಾಳಗ ಎಂದು ಬರೆಯಬೇಡ ಅಂದಿದ್ದಾಳೆ, ಬರೆಯುವುದಿಲ್ಲ. ಮೊದಲು ಕಾಣೆಯಾಗಿದ್ದಾನೆ ಎಂದು ಸುದ್ದಿ ಬಂತು. ಕೆಲವು ವರ್ಷ ಬಿಟ್ಟು, ಸತ್ತಿದ್ದಾನೆಂದೇ ತಿಳಿಯಿರಿ ಎಂದು ಬಂತು. ಚಿಗವ್ವ ಮಾತ್ರ ಕುಂಕುಮ ಅಳಿಸಲಿಲ್ಲ.

ನಮ್ಮ ಕಡೆ ಸತ್ತವರು ಬರೀ ಸತ್ತವರಾಗಿ ಉಳಿಯುವುದಿಲ್ಲ, ಹಿರಿಯರಾಗುತ್ತಾರೆ. ಮಹಾಲಯ ಅಮಾವಾಸ್ಯೆಗೆ ಅವರ ಫೋಟೋಗಳನ್ನು ಗೋಡೆಯಿಂದ ಇಳಿಸಿ, ಒರೆಸಿ, ಹಾರ ಹಾಕಿ, ಮುಂದೆ ಹೊಸ ಬಟ್ಟೆ ಇಟ್ಟು, ಅವರಿಗೆ ಸೇರುತ್ತಿದ್ದುದನ್ನೆಲ್ಲ ಬಾಳೆ ಎಲೆಯಲ್ಲಿ ಎಡೆ ಬಡಿಸಿ, ಮನೆಮಂದಿಯೆಲ್ಲ ಅಡ್ಡಬೀಳುತ್ತಾರೆ. ಬದುಕಿದ್ದಾಗ ದಿನಾ ಕುಡಿದು ಬಂದು ಹೆಂಡತಿಯನ್ನು ಬಡಿಯುತ್ತಿದ್ದವನ ಮುಂದೆಯೂ ಅಂದು ಒಂದು ಕ್ವಾರ್ಟರ್ ಬಾಟಲಿ ಇಟ್ಟು, ಅದೇ ಹೆಂಡತಿ “ಕಾಪಾಡಪ್ಪ” ಎಂದು ಕೈಮುಗಿಯುವುದನ್ನು ನೋಡಿದ್ದೇನೆ. ಒಂದು ಸಲ ಹಾರ ಬಿದ್ದಿತೆಂದರೆ ಮುಗಿಯಿತು, ಅವನು ಮನೆದೇವರ ಪಕ್ಕದವನು. ಚಿಗವ್ವನ ಪಡಸಾಲೆಯ ಗೋಡೆಯಲ್ಲಿ ಮಾವ, ಅತ್ತೆ, ಮಾವನ ಅಣ್ಣ ಎಲ್ಲರಿಗೂ ಹಾರವಿತ್ತು. ಕೊನೆಯಲ್ಲಿದ್ದ ಸಮವಸ್ತ್ರದ ಫೋಟೋ ಮಾತ್ರ ಬರಿಗಾಜಿನದು. ಪ್ರತಿವರ್ಷ ಅಮಾವಾಸ್ಯೆ ಹತ್ತಿರ ಬಂದಾಗ ಮೈದುನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ: “ಅತ್ತಿಗಿ, ಈ ವರ್ಷನಾರ ಅಣ್ಣನ್ನ ಹಿರೇರಾಗ ಕೂಡಸೋಣೇನ್ರಿ?”

“ಬ್ಯಾಡ” ಅನ್ನುತ್ತಿದ್ದಳು ಚಿಗವ್ವ. ಅಷ್ಟೇ.

ಕಂಪ್ಲಿ ಇದಕ್ಕೆ ತನ್ನದೇ ಅರ್ಥ ಮಾಡಿಕೊಂಡಿತ್ತು. ಗಂಡ ಬದುಕಿದ್ದಾನೆಂದು ನಂಬಿ ಕಾಯುತ್ತಿರುವ ಮಹಾಸತಿ ಎಂದು ತಾಯಂದಿರು ಮದುವೆಯಾಗುವ ಹೆಣ್ಣುಮಕ್ಕಳಿಗೆ ಅವಳನ್ನು ತೋರಿಸುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಆ ನಿಷ್ಠೆ ನನಗೆ ಸ್ವಲ್ಪ ಅತಿ ಅನ್ನಿಸುತ್ತಿತ್ತು ಎಂಬುದೂ ನಿಜ.

ಬೇಸಿಗೆಯಲ್ಲಿ ಷೂಟಿಂಗ್ ಶುರುವಾಯಿತು. ದೆವ್ವದ ಸಿನಿಮಾ ತೆಗೆಯುವವರು ಬಿಸಿಲಿಗೆ ಅಂಜುವಷ್ಟು ಬೇರೆ ಯಾರಿಗೂ ಅಂಜುವುದಿಲ್ಲ ಎಂದು ಆಗ ಗೊತ್ತಾಯಿತು. ಹಂಪಿಯ ಗುಡಿಗಳ ಒಳಗೆ ಕ್ಯಾಮೆರಾ ಇಡಲು ಪರವಾನಗಿ ಸಿಗಲಿಲ್ಲವಾಗಿ ಊರಾಚೆ ಬಾಳೆತೋಟದ ಪಕ್ಕದ ಬಂಡೆಗಳ ನಡುವೆ ದೆವ್ವವನ್ನು ನಡೆಸಿದರು. ಮಟಮಟ ಮಧ್ಯಾಹ್ನ ತೆಗೆದು ಆಮೇಲೆ ಅದನ್ನು ಬೆಳದಿಂಗಳು ಮಾಡುತ್ತಾರಂತೆ. ಬಾಡಿಗೆ ಸೈಕಲ್ಲಿನ ವಿದೇಶಿಯರು ನಡುನಡುವೆ ಬಂದು ದೆವ್ವದ ಜೊತೆ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಇನ್ನೊಂದು ದೃಶ್ಯಕ್ಕೆ ದರೋಜಿ ಕಡೆ ಹೋಗೋಣ ಅಂದಾಗ, ಅಲ್ಲಿ ಸಂಜೆ ಕರಡಿ ಇಳಿಯುತ್ತದೆ ಎಂದು ಯಾರೋ ಹೇಳಿ, ನಿರ್ದೇಶಕ ಚಿತ್ರಕಥೆಯಿಂದ ಆ ದೃಶ್ಯವನ್ನೇ ತೆಗೆದುಹಾಕಿದ.

ಕಂಪ್ಲಿಯ ಮನೆಯಲ್ಲಿ ಕಿಟಕಿಗಳಿಗೆಲ್ಲ ಕರಿ ಬಟ್ಟೆ ಬಡಿದು ಹಗಲಲ್ಲೇ ರಾತ್ರಿ ಮಾಡಿದ್ದರು. ನಾಯಕಿ ಒಳ್ಳೆಯ ಹುಡುಗಿ. ನನ್ನ ಪಾಠಕ್ಕಿಂತ ಚಿಗವ್ವನ ಒಲೆಯ ಮುಂದೆ ಕೂತು ಕಲಿತದ್ದೇ ಹೆಚ್ಚು. ಒಂದು ಮುಂಜಾನೆ ಮಿರ್ಚಿ ಕಚ್ಚಿ ಕಣ್ಣೀರು ಹಾಕುತ್ತಾ, “ಇಷ್ಟು ವರ್ಷ ಹೆಂಗ ಕಾದಿರಿ ಅವ್ವಾ?” ಎಂದು ಕಲಿತ ಮಾತಲ್ಲೇ ಕೇಳಿದಳು.

“ಒಗ್ಗರಣಿ ಹಾಕ್ಕೋಂತ,” ಅಂದಳು ಚಿಗವ್ವ. ನಾಯಕಿ ಅದನ್ನು ದೊಡ್ಡ ತತ್ವವೆಂಬಂತೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಹಾರದ ಪ್ರಸಂಗ ನಡೆದದ್ದು ಆ ವಾರವೇ. ಚಿತ್ರದ ಕಥೆಯಲ್ಲಿ ನಾಯಕನ ತಂದೆಯೂ ಸೈನಿಕ, ಹಿಂದಿನ ಯಾವುದೋ ಯುದ್ಧದಲ್ಲಿ ಮಡಿದವನು. ಅವನ ಫೋಟೋ ಗೋಡೆಯಲ್ಲಿ ಕಾಣಬೇಕು. ಕಲಾ ನಿರ್ದೇಶಕ ಅಚ್ಚುಕಟ್ಟಿನ ಮನುಷ್ಯ, ಸಾಲಿನ ಕೊನೆಯ ಸಮವಸ್ತ್ರದ ಫೋಟೋ ನೋಡಿ ಬೇರೆ ಹುಡುಕುವುದು ಬೇಡ ಅಂದುಕೊಂಡ. ಮನೆಯವರ ಅಪ್ಪಣೆ ಇಲ್ಲದೆ ಒಂದು ಮೊಳೆಯನ್ನೂ ಮುಟ್ಟುವವನಲ್ಲ. ಇದಕ್ಕೊಂದು ಹಾರ ಹಾಕಬಹುದೇ ಎಂದು ಪಡಸಾಲೆಯಲ್ಲಿದ್ದ ಮೈದುನನನ್ನು ಕೇಳಿದ. ಮೈದುನ ಅಡುಗೆಮನೆಯ ಕಡೆ ಒಮ್ಮೆ ನೋಡಿ, “ಹಾಕ್ರಿ, ಹಾಕ್ರಿ” ಅಂದ. ಶ್ರೀಗಂಧದ ಚಕ್ಕೆಯ ಹಾರ ಬಿತ್ತು, ಮೇಲೊಂದು ಕೆಂಪು ಬಲ್ಬು ಹೊತ್ತಿತು, ಕ್ಯಾಮೆರಾ ಓಡಿತು. ನೋಡಲು ಬಂದಿದ್ದ ಓಣಿಯ ಜನ ಬಾಗಿಲ ಸಂದಿಯಿಂದ ಅದನ್ನು ನೋಡಿದರು.

ಚಿಗವ್ವ ಚಹಾದ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದವಳು ಫೋಟೋ ನೋಡಿ ನಿಂತಳು. ತಟ್ಟೆಯನ್ನು ನೆಲದ ಮೇಲಿಟ್ಟಳು. ಸ್ಟೂಲು ಎಳೆದು ಹತ್ತಿ, ಹಾರ ಬಿಚ್ಚಿ, ನೀಟಾಗಿ ಸುತ್ತಿ ಕಲಾ ನಿರ್ದೇಶಕನ ಕೈಗೆ ಕೊಟ್ಟಳು. “ಇದು ನಿಮ್ಮದು. ಇಟ್ಕೋರಿ” ಅಂದಳು.

ದೃಶ್ಯ ಅರ್ಧ ಮುಗಿದಿತ್ತು. ಈಗ ಹಾರವಿಲ್ಲದಿದ್ದರೆ ಮುಂಚಿನದಕ್ಕೆ ಹೊಂದುವುದಿಲ್ಲ, ಮೊದಲಿನಿಂದ ತೆಗೆಯಬೇಕು. ನಿರ್ದೇಶಕ ತಲೆಯ ಮೇಲೆ ಕೈಯಿಟ್ಟು ಕೂತ. ನಾನು ನಡುವೆ ಬಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ದಾರಿ ಹೇಳಿದೆ. ಕ್ಯಾಮೆರಾ ಓಡುವಾಗ ಮಾತ್ರ ಹಾರ ಇರಲಿ, ನಿಂತ ಕೂಡಲೇ ತೆಗೆಯಲಿ. ಚಿಗವ್ವ ಒಪ್ಪಿದಳು, ಆದರೆ ತೆಗೆಯುವವಳು ತಾನೇ ಎಂದಳು. ಎರಡು ದಿನ ಹಾಗೇ ನಡೆಯಿತು. ನಿರ್ದೇಶಕ “ಕಟ್” ಅಂದ ಕೂಡಲೇ ಕತ್ತಲ ಮೂಲೆಯಿಂದ ಚಿಗವ್ವ ಸ್ಟೂಲು ಹಿಡಿದು ಬರುತ್ತಿದ್ದಳು. ಲೈಟಿನವರು ಮೊದಲು ನಕ್ಕರು, ಆಮೇಲೆ ಸ್ಟೂಲು ಹಿಡಿದುಕೊಂಡರು. ನಾಯಕಿ ಅವಳ ಕಾಲಿಗೆ ಬಿದ್ದು ಅತ್ತಳು. ಇಂಥ ಪ್ರೀತಿಯನ್ನು ನಾನು ಕಥೆಯಲ್ಲೂ ಬರೆಯಲಾರೆ ಎಂದ ನಿರ್ದೇಶಕ, ಚಿತ್ರದ ಕೊನೆಗೆ ಕಾಯುವ ಹೆಂಡಂದಿರಿಗೆ ಅರ್ಪಣೆ ಎಂದು ಹಾಕುವುದಾಗಿ ಘೋಷಿಸಿದ. ಚಿಗವ್ವ ಸ್ಟೂಲನ್ನು ಮೂಲೆಗೆ ಒಯ್ದಿಟ್ಟಳು.

ಆದರೆ ಊರಿನ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಕಡೆಗೂ ಹಾರ ಬಿತ್ತಂತೆ ಎಂಬ ಮಾತು ಸಂತೆಯ ತನಕ ಹೋಯಿತು. ಎರಡನೆಯ ದಿನದ ಸಂಜೆ ಮೈದುನ ಪಡಸಾಲೆಗೆ ಬಂದು, “ಹೆಂಗೂ ಊರೆಲ್ಲ ನೋಡೈತಿ ಅತ್ತಿಗಿ. ಬರೋ ಅಮಾಸಿಗೆ ಎಡಿ ಇಟ್ಟುಬಿಡೂಣು” ಅಂದ. ಕೇಳಿದ್ದಲ್ಲ, ಹೇಳಿದ್ದು.

ಚಿಗವ್ವ ನನ್ನತ್ತ ತಿರುಗಿ, “ನಾಳಿ ಯುದ್ಧ ತೆಗೀತಾರಂತಲ್ಲ, ಎಲ್ಲಿ?” ಎಂದಳು.

“ಸಂಡೂರಾಗ.”

“ನಾನೂ ಬರ್ತೀನಿ. ಯುದ್ಧ ಹೆಂಗಿರ್ತೈತಿ ನೋಡಬೇಕು.”

ಸಂಡೂರಿನ ಬೆಟ್ಟದಲ್ಲಿ ಅದಿರು ತೆಗೆದು ಬಿಟ್ಟುಹೋದ ಹಳ್ಳವೊಂದನ್ನು ರಣರಂಗ ಮಾಡಿದ್ದರು. ಮಣ್ಣು ಮೊದಲೇ ಕೆಂಪು, ರಕ್ತಕ್ಕೆ ಹೆಚ್ಚು ಖರ್ಚಾಗುವುದಿಲ್ಲ ಎಂದು ಕಲಾ ನಿರ್ದೇಶಕ ಖುಷಿಯಾಗಿದ್ದ. ಹೆಣಗಳಾಗಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಾಂಟ್ರಾಕ್ಟ್ ಕೆಲಸಗಾರರು ಬಂದಿದ್ದರು. ನೈಟ್ ಷಿಫ್ಟ್ ಮುಗಿಸಿ ಬಂದ ಕೆಲವರು ಹೆಣವಾಗಿ ಮಲಗಿದ ಕೂಡಲೇ ನಿಜವಾಗಿಯೇ ನಿದ್ದೆ ಹೋದರು. ಮಧ್ಯಾಹ್ನದ ಷಿಫ್ಟಿನವರು ಕಂಪನಿ ಬಸ್ಸಿನ ಹಾರ್ನ್ ಕೇಳಿದ್ದೇ ತಡ, ಗುಂಡಿನ ಸದ್ದಿನ ನಡುವೆ ಎದ್ದು ಓಡಿದರು. ಚಿಗವ್ವ ಅಂದು ಮೊದಲ ಸಲ ಬಾಯಿತುಂಬ ನಕ್ಕಳು.

ಆಮೇಲೆ ಒಂದು ಹಳ್ಳಿಯ ದೃಶ್ಯ ತೆಗೆದರು. ಗಡಿಯಾಚೆಯ ಸೈನಿಕನೊಬ್ಬ ಗುಡಿಸಲಿನ ಮುಂದೆ ನಿಂತ ಮುದುಕಿಯನ್ನು ಗುಂಡು ಹೊಡೆದು ಕೊಲ್ಲುತ್ತಾನೆ. ನಮ್ಮ ನಾಯಕ ಓಡಿ ಬಂದು ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಕಾಶ ನೋಡಿ ಕೂಗುತ್ತಾನೆ.

“ಆ ಮುದುಕಿನ ಯಾರು ಹೊಡದ್ರು?” ಚಿಗವ್ವ ಕೇಳಿದಳು.

“ವೈರಿ ಕಡ್ಯಾವ.”

“ಹೌದಾ,” ಅಂದಳು. ಆಮೇಲೆ ನೆರಳು ಹುಡುಕಿಕೊಂಡು ಹೋಗಿ ಒಂದು ಬಂಡೆಯ ಬುಡದಲ್ಲಿ ಕೂತಳು. ಊಟದ ಬಿಡುವಿನಲ್ಲಿ ನಾನು ಎರಡು ತಟ್ಟೆ ಹಿಡಿದು ಹೋದೆ. ಅವಳು ಅನ್ನ ಕಲಸಲಿಲ್ಲ.

“ಲೇ, ನಿನಗೊಂದು ಹೇಳ್ತೀನಿ. ಹೇಳಿದ ಮ್ಯಾಲ ಇದಕ್ಕೊಂದು ಬಣ್ಣ ಹಚ್ಚಬ್ಯಾಡ,” ಎಂದು ಶುರುಮಾಡಿದಳು. “ಕಡೀ ಸಲ ರಜಾದಾಗ ಬಂದಿದ್ದನಲ್ಲ ನಿಮ್ಮ ಕಾಕಾ, ಆವಾಗ ಹೇಳಿದ. ಊಟ ಮಾಡಿ ಎಲಿ ಅಡಿಕಿ ಹಾಕ್ಕೋಂತ ಹೇಳಿದ. ಯಾವುದೋ ಹಳ್ಳಿಗೆ ಹೋಗಿದ್ರಂತ. ಭಾಳ ಬಿಸಲು. ಒಂದು ಮನಿ ಮುಂದ ಮುದುಕಿ ಕುಂತಿದ್ಲಂತ. ಭಾಷಾ ಬರಂಗಿಲ್ಲಲ್ಲ, ಇವ ನೀರು ಅಂತ ಕೈ ಮಾಡಿ ತೋರಿಸಿದ. ಆಕಿ ಎದ್ದು ಒಳಗ ಹೋಗಿ ಚೊಂಬಿನ್ಯಾಗ ನೀರು ತಂದುಕೊಟ್ಲು. ಇವ ಕುಡದ. ಚೊಂಬು ತಿರುಗಿ ಕೊಟ್ಟ. ಆಕಿ ಹೊಳ್ಳಿ ಒಳಗ ಹೊಂಟಾಗ ಹಿಂದಿನಿಂದ ಗುಂಡು ಹೊಡದ.”

“ಯಾಕ?” ಅಂದೆ.

“ನಾನೂ ಅದನ್ನ ಕೇಳಿದೆ. ಆಕಿ ಕೈಯಾಗ ಏನರ ಇತ್ತೇನು ಅಂದೆ. ಚೊಂಬು ಇತ್ತು ಅಂದ. ಹೊಡಿ ಅಂತ ಯಾರರ ಹೇಳಿದ್ರೇನು ಅಂದೆ. ಯಾರೂ ಹೇಳಿಲ್ಲ ಅಂದ. ಮತ್ಯಾಕ ಅಂದೆ. ‘ಹೊಡದ್ರ ಏನಾಕ್ಕೈತಿ ನೋಡೂಣು ಅನ್ನಿಸ್ತು’ ಅಂದ. ಹಂಗಂದು, ‘ಸುಣ್ಣ ಕೊಡು’ ಅಂದ.”

ನಾನು ತಟ್ಟೆ ಕೆಳಗಿಟ್ಟೆ. ದೂರದಲ್ಲಿ ಹೆಣಗಳು ಸಾಲಾಗಿ ನಿಂತು ಅನ್ನ ಸಾರು ಹಾಕಿಸಿಕೊಳ್ಳುತ್ತಿದ್ದವು.

“ಹೆದರಿ ಹೊಡದೆ ಅಂದಿದ್ರ ಮಾಫ್ ಮಾಡ್ತಿದ್ದೆನೇನೋ. ನಿನ್ನ ಬರಹದಾಗ ಕೊಂದವಂಗ ನಿದ್ದಿ ಬರಂಗಿಲ್ಲ ಅಂತ ಬರದೀಯಂತ, ನಿಮ್ಮವ್ವ ಓದಿ ಹೇಳಿದ್ಲು. ಅವತ್ತು ನಿದ್ದಿ ಬರದೇ ಇದ್ದಾಕಿ ನಾನು. ಅವ ಗೊರಕಿ ಹೊಡದು ಮಲಗಿದ್ದ. ಮುಂಜಾನಿ ಎದ್ದು ರೊಟ್ಟಿ ಇನ್ನೊಂದು ಹಾಕು ಅಂದ. ಊರಾಗ ನಾ ಗಂಡನ ದಾರಿ ಕಾಯ್ತೀನಿ ಅಂತಾರ. ನಾ ಅವನ ದಾರಿ ಕಾದಿಲ್ಲವ್ವ. ಆ ಮುದುಕಿ ದೆವ್ವ ಆಗಿ ಬರ್ತಾಳ, ಇಂದು ಬರ್ತಾಳ, ನಾಳಿ ಬರ್ತಾಳ ಅಂತ ಆಕಿ ದಾರಿ ಕಾದೆ. ಬಂದ್ರ ಕಾಲು ಹಿಡಕೋಬೇಕಂತಿದ್ದೆ. ಬರಲೇ ಇಲ್ಲ.”

“ಮತ್ತ ಕುಂಕುಮ?”

“ಕುಂಕುಮ ಅಳಿಸಿದ್ರ ಮರುದಿನನ ಹಾರ ಹಾಕ್ತಾರ. ಹಾರ ಹಾಕಿದ್ರ ಅಡ್ಡಬೀಳಬೇಕು, ಕಾಪಾಡಪ್ಪ ಅನಬೇಕು. ಅದೊಂದು ನನ್ನ ಕೈಲೆ ಆಗಂಗಿಲ್ಲ. ನನಗೇನು ಕೆಟ್ಟವಾಗಿರಲಿಲ್ಲ ನೋಡು. ಬಂದಾಗೆಲ್ಲ ಕೈತುಂಬ ಬಳಿ ಇಡಿಸ್ಯಾನ. ಒಂದು ಕೆಟ್ಟ ಮಾತು ಅಂದಾವಲ್ಲ. ಅದ ಕಷ್ಟ.”

ನನಗೆ ಸಿಟ್ಟು ಬಂತು. ಆದರೆ ಆ ಸಿಟ್ಟನ್ನು ಯಾರ ಮೇಲೆ ಮಾಡಬೇಕು ಎಂದು ತಿಳಿಯಲಿಲ್ಲ. ಆ ಮನುಷ್ಯ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆದಂಡೆಗೆ ಹೋಗುತ್ತಿದ್ದನೆಂದು ಅವ್ವ ಹೇಳುತ್ತಿದ್ದಳು. ನನಗೂ ಮಸುಕಾಗಿ ಆ ಹೆಗಲಿನ ನೆನಪಿದೆ. ಅನ್ನ ತಣ್ಣಗಾಯಿತು, ಬೇರೆ ತರಲಾ ಎಂದು ಚಿಗವ್ವನನ್ನು ಕೇಳಿದೆ.

ಷೂಟಿಂಗ್ ಮುಗಿದು ಎಲ್ಲರೂ ಹೊರಟುಹೋದರು. ಮಳೆಗಾಲ ಕಳೆಯಿತು. ಅಮಾವಾಸ್ಯೆಗೆ ನಾಲ್ಕಾರು ದಿನ ಇರುವಾಗ ಚಿಗವ್ವ ಫೋನು ಮಾಡಿದಳು. “ಮೈದುನ ಅಂಗಿ-ಧೋತರ ತಂದಾನ. ಬೀಗರಿಗೆಲ್ಲ ಹೇಳ್ಯಾನ. ನೀ ಬಾ, ನಾ ಒಬ್ಬಾಕಿ ಆಗ್ತೀನಿ” ಅಂದಳು.

ಹೋದೆ. ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯಲ್ಲಿ ಮಣೆಗಳ ಮೇಲೆ ಫೋಟೋಗಳು ಸಾಲಾಗಿ ಕೂತಿದ್ದವು. ಕೊನೆಯಲ್ಲಿ ಸಮವಸ್ತ್ರದ ಫೋಟೋ, ಅದಕ್ಕೆ ಚೆಂಡುಹೂವಿನ ದಪ್ಪ ಹಾರ. ಎಲೆಗಳಲ್ಲಿ ಹೋಳಿಗೆ, ವಡೆ, ಅನ್ನ, ಕೋಳಿ ಸಾರು. ಮೈದುನ ಮಡಿಯುಟ್ಟು ನಿಂತಿದ್ದ. ಅವನ ಹೆಂಡತಿ, ಇಬ್ಬರು ಮಕ್ಕಳು, ಸೊಸೆಯರು, ಬೀಗರು ಎಲ್ಲ ಹಿಂದೆ ನಿಂತಿದ್ದರು. ಕೆಟ್ಟ ಮನುಷ್ಯನಲ್ಲ ಅವನು. ಅಣ್ಣ ಹೋದಾಗಿನಿಂದ ಅತ್ತಿಗೆಯ ಅಂಗಳಕ್ಕೆ ಸೌದೆ ಹಾಕಿಸುವುದನ್ನು ಒಂದು ವರ್ಷವೂ ತಪ್ಪಿಸಿದವನಲ್ಲ. ಧೂಪ ಹಾಕಿ, “ಅತ್ತಿಗಿ, ನೀವು ಮೊದಲ ಬೀಳ್ರಿ. ಆಮ್ಯಾಲ ನಾವು” ಅಂದ.

ಚಿಗವ್ವ ಮುಂದೆ ಹೋಗಿ ಅತ್ತೆಮಾವಂದಿರ ಫೋಟೋಗೆ ಅಡ್ಡಬಿದ್ದಳು. ಎದ್ದು ಪಕ್ಕಕ್ಕೆ ಸರಿದಳು.

“ಅಣ್ಣಗ?”

“ಅವಗ ನಾ ಬೀಳಂಗಿಲ್ಲ.”

“ಅಕ್ಕಾ, ಅಮಾಸಿ ದಿನ ಹಂಗ ಅನಬ್ಯಾಡ್ರಿ,” ಎಂದು ಮೈದುನನ ಹೆಂಡತಿ ಮುಂದೆ ಬಂದಳು. “ಸತ್ತವರ ಮ್ಯಾಲ ಏನು ಸಿಟ್ಟು?”

“ಸಿಟ್ಟಲ್ಲವ್ವ. ಕಡೀ ಸಲ ಬಂದಾಗ ಅವ ಒಂದು ಮಾತು ಹೇಳಿದ್ದ. ಯಾವುದೋ ಹಳ್ಳ್ಯಾಗ ಒಬ್ಬ ಮುದುಕಿ...”

“ಸಾಕ್ರಿ ಅತ್ತಿಗಿ!” ಮೈದುನ ಕೈ ಎತ್ತಿದ. “ಬೀಗರ ಮುಂದ ಆ ಸುದ್ದಿ ಬ್ಯಾಡ.”

ಚಿಗವ್ವ ಬಾಯಿ ತೆರೆದವಳು ಹಾಗೇ ನಿಂತಳು. “ಯಾ ಸುದ್ದಿ?” ಅಂದಳು. “ನಾ ಇನ್ನಾ ಏನೂ ಹೇಳೇ ಇಲ್ಲ.”

ಮೈದುನ ಗೋಡೆಗೆ ಒರಗಿದ. “ನನಗೂ ಹೇಳಿದ್ದ,” ಅಂದ. “ಹೊಳಿಗೆ ಜಳಕಕ್ಕ ಹೋದಾಗ ಹೇಳಿದ್ದ. ನಿಮಗ ಗೊತ್ತಿಲ್ಲ ಅನ್ಕೊಂಡಿದ್ದೆ ಅತ್ತಿಗಿ. ಹಿರೇರಾಗ ಕೂಡಿಸಿದ್ರ ಅವ ತಣ್ಣಗಾಕ್ಕಾನ, ನನಗೂ ಸಮಾಧಾನ ಆಕ್ಕೈತಿ ಅನ್ಕೊಂಡಿದ್ದೆ.”

“ಗೊತ್ತಿದ್ದೂ ವರ್ಷಾ ವರ್ಷಾ ನನಗ ಅಡ್ಡಬೀಳು ಅಂದಿ.”

ಒಂದೇ ಮನೆಯ ಎರಡು ಅರ್ಧಗಳಲ್ಲಿ ಇಬ್ಬರು ಇಷ್ಟು ವರ್ಷ ಒಂದೇ ಮಾತನ್ನು ಮುಚ್ಚಿಟ್ಟುಕೊಂಡು, ನಡುವಿನ ಪಡಸಾಲೆಯಲ್ಲಿ ಚಹಾ ಕುಡಿದಿದ್ದರು. ಹಿಂದೆ ನಿಂತಿದ್ದ ಹಿರಿಸೊಸೆ ಮೆಲ್ಲಗೆ, “ಯಾ ಮುದುಕಿ ಮಾವಾ? ಏನಾಗಿತ್ತು?” ಎಂದು ಕೇಳಿದಳು.

ಮೈದುನ ಬೇಡ ಎಂದು ಕೈ ಅಲ್ಲಾಡಿಸಿದ.

“ನೀನ ಹೇಳು,” ಅಂದಳು ಚಿಗವ್ವ. “ನಿಮ್ಮಣ್ಣ ಏನು ಮಾಡಿ ಬಂದಿದ್ದ ಅಂತ ನಿನ್ನ ಬಾಯಿಲೆನ ಹೇಳು. ಕೇಳಿದ ಮ್ಯಾಲ ಅಡ್ಡಬೀಳೋರು ಬೀಳ್ಲಿ.”

ಅವನು ನೆಲ ನೋಡುತ್ತಾ ಹೇಳಿದ. ಬಿಸಿಲು ಹೇಳಿದ, ಮನೆ ಹೇಳಿದ, ಚೊಂಬಿನ ನೀರು ಹೇಳಿದ. ನಾನು ಸಂಡೂರಿನಲ್ಲಿ ಕೇಳಿದ ಕಥೆಯೇ. ಮುದುಕಿ ಹೊಸ್ತಿಲಲ್ಲಿ ಬಿದ್ದಳು ಎಂಬಲ್ಲಿಗೆ ಬಂದಾಗ ಮುಗಿಯಿತೆಂದು ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಮೈದುನ ನಿಲ್ಲಿಸಲಿಲ್ಲ.

“ಸಪ್ಪಳ ಕೇಳಿ ಒಳಗಿಂದ ಸೊಸಿ ಓಡಿ ಬಂದ್ಲಂತ. ಹಿಟ್ಟಿನ ಕೈಲೆನ ಬಂದಿದ್ಲಂತ. ಬಸರಿ ಇದ್ಲು ಅಂದ. ಆಕಿನೂ ಹೊಡ...” ಎಂದು ತಡೆದ.

ಚಿಗವ್ವನ ಸೆರಗು ಮುಖದ ಮೇಲೇ ನಿಂತಿತು.

“ಇಬ್ಬರಾ?” ಅಂದಳು.